ಮಳೆಗಾಲಕ್ಕೆ ಜೇನುಪೆಟ್ಟಿಗೆ ಹೇಗೆ ರೆಡಿ ಮಾಡೂದು?

ಪ್ರಶ್ನೆ, ಬದಿಯಡ್ಕದಿಂದ:
ಅಡಿಕೆ ತೋಟದಲ್ಲಿ ನಾಲ್ಕು ತುಡುವೆ ಜೇನಿನ ಪೆಟ್ಟಿಗೆ ಇತ್ತು, ಹೋದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಎರಡು ಜೇನು ಕುಟುಂಬ ಪೆಟ್ಟಿಗೆ ಬಿಟ್ಟು ಹೋದವು, ಮುಚ್ಚಳ ತೆಗೆದ್ರೆ ಎರಿ (ಜೇನು ಕಟ್ಟಿದ ಮೇಣದ ಹಲ್ಲೆ) ಇಡೀ ಬಿಳಿ ಬಲೆ, ಒಳಗೆ ಹುಳ. ತುಂಬ ಬೇಜಾರಾಯ್ತು. ಈ ಸಲ ಎಂತ ಮಾಡ್ಬೇಕು?

ಪೆರ್ಲದಿಂದ:
ಅದು ಮೇಣದ ಹುಳ ಮಾರಾಯ್ರೆ. ಜೂನ್ ಮೊದಲೇ ಮೇಲಿನ ಜೇನುಕೋಣೆ ತೆಗೀರಿ, ಜೇನುನೊಣ ಕೂರದ ಹಳೆ ಕಪ್ಪು ಎರಿಯನ್ನೂ ತೆಗೀರಿ, ಜಾಗ ಜಾಸ್ತಿಯಾದ್ರೆ ಅವುಕ್ಕೆ ಕಾಯ್ಲಿಕ್ಕೆ ಆಗುದಿಲ್ಲ. ಅಡಿಮಣೆಯ ಕಸ ವಾರಕ್ಕೊಮ್ಮೆ ಗುಡಿಸಿ.

ಮುಳ್ಳೇರಿಯದಿಂದ:
ಮಳೆಗೆ ಹೂ ಇಲ್ಲ, ಹಸಿವಿಗೇ ಓಡೂದು. ಸಕ್ಕರೆ ನೀರು ಸಮಸಮ ಪಾಕ ಮಾಡಿ ಸಂಜೆ ಮೇಲೆಯೇ ಇಡಿ, ಹಗಲು ಇಟ್ರೆ ಬೇರೆ ಪೆಟ್ಟಿಗೆಯವು ಕದೀಲಿಕ್ಕೆ ಬರ್ತವೆ. ಪಾಕದಲ್ಲಿ ನಾಲ್ಕು ಕಡ್ಡಿ ಹಾಕಿ, ಇಲ್ಲದಿದ್ರೆ ಪಾಪ, ಮುಳುಗಿ ಸಾಯ್ತವೆ.