ತಂಗಿ ಊಟ ಬಿಟ್ಟಿದ್ದಾಳೆ, ಮೇ ಬಿಸಿಲಲ್ಲೂ ಸ್ವೆಟರ್. ಎಲ್ಲಿಗೆ ಕರೆದುಕೊಂಡು ಹೋಗಲಿ?

ಸಿಂಧನೂರು ಅಕ್ಕ:
ನನ್ನ ತಂಗಿಗೆ 16. ಫಸ್ಟ್ ಪಿಯುಸಿ ಮುಗಿದಿದೆ. ಶುರುವಾಗಿದ್ದು ಉಪವಾಸದಿಂದ. ಮೊದಲು ಸೋಮವಾರ ಶಿವನಿಗೆ, ಆಮೇಲೆ ಗುರುವಾರ ರಾಯರಿಗೆ, ಶನಿವಾರ ಹನುಮಪ್ಪನಿಗೆ. ಮಗಳಿಗೆ ಭಕ್ತಿ ಬಂತು ಅಂತ ಅವ್ವನಿಗೆ ಖುಷಿಯೇ ಆಗಿತ್ತು. ಈಗ ಉಳಿದ ನಾಲ್ಕು ದಿನವೂ ಅರ್ಧ ರೊಟ್ಟಿ. ಅದನ್ನೂ ಚೂರು ಮಾಡಿ ಪಲ್ಯದ ಕೆಳಗೆ ಮುಚ್ಚಿಡುತ್ತಾಳೆ. ಆದರೆ ನಮಗೆಲ್ಲ ಶೇಂಗಾ ಹೋಳಿಗೆ ಮಾಡಿ ಬಡಿಸುತ್ತಾಳೆ, ತಿನ್ನುವ ತನಕ ಬಿಡುವುದಿಲ್ಲ! ಯುಗಾದಿಗೆ ಹೊಲಿಸಿದ ಲಂಗ ಸೊಂಟದಲ್ಲಿ ನಿಲ್ಲುತ್ತಿಲ್ಲ. ಮುಟ್ಟು ನಿಂತು ನಾಲ್ಕು ತಿಂಗಳು. ಒಬ್ಬ ಡಾಕ್ಟರು ರಕ್ತ ಕಡಿಮೆ ಎಂದು ಟಾನಿಕ್ ಬರೆದರು. ಅಜ್ಜಿ ದೃಷ್ಟಿ ತೆಗೆದರು. ಅತ್ತೆ "ಎಷ್ಟು ಚೆಂದ ತೆಳ್ಳಗಾಗಿದ್ದಿ" ಅಂದರು. ಆ ರಾತ್ರಿ ಅವಳು ಹಾಲನ್ನೂ ಮುಟ್ಟಲಿಲ್ಲ. ಇದು ಕಾಯಿಲೆಯಾ, ಹಟವಾ? ಬೆಂಗಳೂರಿಗೇ ಹೋಗಬೇಕಾ?

ಬಳ್ಳಾರಿಯ ಅಪ್ಪ:
ಹಟ ಅಲ್ಲಮ್ಮ. ನನ್ನ ಮಗಳಿಗೆ ಅನೊರೆಕ್ಸಿಯಾ ಅಂದರು, ದಪ್ಪ ಆಗುವ ಭಯಕ್ಕೆ ಊಟ ಬಿಡುವ ಮಾನಸಿಕ ಕಾಯಿಲೆ, ನೀವು ಹೇಳುವುದೆಲ್ಲ ಅದರ ಹಾಗೇ ಇದೆ. ನಾನೂ ಒಂದು ವರ್ಷ ಹಟ ಅಂದುಕೊಂಡು ಬೈದೆ. ಒಮ್ಮೆ ತಟ್ಟೆ ಎತ್ತಿ ಎಸೆದೆ. ಆ ನೆಗ್ಗಿದ ತಟ್ಟೆ ಇನ್ನೂ ಮನೆಯಲ್ಲಿದೆ.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹತ್ತಿ ನಿಮ್ಹಾನ್ಸ್‌ಗೆ ಹೋಗುತ್ತಿದ್ದೆವು. ಟಿಕೆಟ್ಟಿಗಿಂತ ಅಂಗಡಿ ಮುಚ್ಚಿದ ದಿನಗಳ ನಷ್ಟವೇ ಜಾಸ್ತಿ. ಆದರೆ ಅವಳು ಚೇತರಿಸಿಕೊಂಡಿದ್ದು ನಮ್ಮ ಅಡುಗೆಮನೆಯಲ್ಲಿ. ಈ ವಯಸ್ಸಿನ ಮಕ್ಕಳಿಗೆ ಮನೆಯವರೇ ಊಟದ ಹೊಣೆ ಹೊರುವ ಚಿಕಿತ್ಸೆ ಇದೆ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ ಹುಟ್ಟಿದ್ದು. ಎಷ್ಟು ತಿನ್ನಬೇಕು ಅಂತ ತೀರ್ಮಾನಿಸುವವರು ನಾವು. ಮೂರು ಊಟ, ನಡುವೆ ತಿಂಡಿ. ಒಂದು ರೊಟ್ಟಿಗೆ ಮುಕ್ಕಾಲು ಗಂಟೆ ಹಿಡಿದರೂ ಪಕ್ಕದಿಂದ ಏಳುವಂತಿಲ್ಲ, ಬೈಯುವಂತಿಲ್ಲ. ಬೈಯದೆ ಇರುವುದೇ ಕಷ್ಟ. ತೂಕ ಬಂತು ಅಂತ ನಾವು ಸಡಿಲ ಬಿಟ್ಟೆವು, ಎಂಟೇ ತಿಂಗಳಿಗೆ ಮತ್ತೆ ಮರುಕಳಿಸಿತು. ಈಗ ಮೂರು ವರ್ಷದಿಂದ ಚೆನ್ನಾಗಿದ್ದಾಳೆ.

ಅಮೆರಿಕದ ಬಾಸ್ಟನ್ನಿನವರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಅನೊರೆಕ್ಸಿಯಾ ಇದ್ದ ಹೆಂಗಸರಲ್ಲಿ ಒಂಬತ್ತು ವರ್ಷಕ್ಕೆ ಗುಣವಾದವರು ಶೇ. 31ರಷ್ಟು, 22 ವರ್ಷಕ್ಕೆ ಶೇ. 63ರ ಹತ್ತಿರ. ಆ 63 ನನಗೆ ಧೈರ್ಯ ಕೊಟ್ಟಿತು. ನನ್ನ ಹೆಂಡತಿಗೆ ಕಂಡಿದ್ದು 22 ಮಾತ್ರ.

ಕೊಪ್ಪಳದ ನರ್ಸ್:
ಅಣ್ಣ ಹೇಳಿದ್ದು ಸರಿ, ಆದರೆ ಅಕ್ಕ, ಅದೆಲ್ಲ ಆಮೇಲೆ. ಮೊದಲು ನಾಡಿ ಎಣಿಸಿ. ಐದು ನಿಮಿಷ ಮಲಗಿಸಿ, ಪೂರ್ತಿ ಒಂದು ನಿಮಿಷ. 50ಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಎದ್ದಾಗ ಕಣ್ಣು ಕತ್ತಲೆ ಬಂದರೆ ಇವತ್ತೇ ರಾಯಚೂರಿನ ರಿಮ್ಸ್ ಆಸ್ಪತ್ರೆಗೆ ಹೋಗಿ. ಇಸಿಜಿ, ಪೊಟ್ಯಾಸಿಯಂ, ಫಾಸ್ಫರಸ್ ನೋಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಇಲ್ಲದಿದ್ದರೆ ಮತ್ತೆ ಟಾನಿಕ್ಕೇ! ಕನಿಕರಪಟ್ಟು ಒಮ್ಮೆಲೇ ತುಪ್ಪ-ಅನ್ನ ತುರುಕಬೇಡಿ. ಬಹಳ ದಿನ ಹಸಿದ ಮೈಗೆ ಹಾಗೆ ಊಟ ಬಿದ್ದರೆ ರಕ್ತದಲ್ಲಿ ಫಾಸ್ಫರಸ್ ಕುಸಿದು ಹೃದಯಕ್ಕೇ ಪೆಟ್ಟು.

ನಾಡಿ ಸರಿ ಇದ್ದರೆ, ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ವಿಚಾರಿಸಿಕೊಂಡು ಹೋಗಿ. 14416 ಟೆಲಿ ಮನಸ್, ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಸಿಂಧನೂರು ಅಕ್ಕ:
ಎಣಿಸಿದೆ. 44. ಮತ್ತೆ ಎಣಿಸಿದೆ, 45. ಅಪ್ಪ ಗದ್ದೆಯಿಂದ ಬಂದರು, ಪಕ್ಕದ ಮನೆಯವರ ಕಾರು ಕೇಳಿದ್ದೇವೆ. ಅವಳು ಕೇಳಿದ್ದು ಒಂದೇ: "ಅಲ್ಲಿ ತೂಕ ನೋಡ್ತಾರಾ?"