‘ದರೆ ನೋಡ್ಕಳಿ’ ಅಂದರೆ ಏನು ನೋಡಬೇಕು?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದದ ಬಗ್ಗೆ ಕೇಳಬೇಕಿತ್ತು. ಅದು ಸಿಕ್ಕಿದ್ದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ.

ನಾನು ದಾವಣಗೆರೆ ಕಡೆಯವನು. ನಿವೃತ್ತಿ ಆದ ಮೇಲೆ ಮಲೆನಾಡಲ್ಲಿ ಒಂದು ಸಣ್ಣ ಮನೆ ತಗೊಳ್ಳೋಣ ಅಂತ ಮನೆಯವಳ ಆಸೆ. ಹೋದ ತಿಂಗಳು ತೀರ್ಥಹಳ್ಳಿ ಹತ್ತಿರ ಒಂದು ಮನೆ ನೋಡಲು ಹೋಗಿದ್ದೆವು. ಜೊತೆಗೆ ನಮ್ಮ ಬೀಗರು ಇದ್ದರು. ಅವರು ಶಿವಮೊಗ್ಗದವರು, ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವರು. ಹೆಂಚಿನ ಮನೆ, ಎದುರಿಗೆ ಅಡಿಕೆ ತೋಟ, ಅಂಗಳದಲ್ಲಿ ಬಿಸಿಲು. ನನಗೆ ನೋಡಿದ ತಕ್ಷಣ ಮನಸ್ಸಿಗೆ ಹಿಡಿಸಿಬಿಟ್ಟಿತು.

ಬೀಗರು ಜಗಲಿ ಮೇಲೆ ಕಾಗದಪತ್ರ ಹರಡಿಕೊಂಡು ಕೂತಿದ್ದರು. ನಾನು ಸುಮ್ನೆ ಬೇಲಿ ಹತ್ತಿರ ಅಡ್ಡಾಡುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಮಾತಿಗೆ ಸಿಕ್ಕರು.

‘ಮನೆ ಏನೋ ಗಟ್ಟಿ ಉಂಟು ಮಾರಾಯ್ರೇ. ದರೆ ಒಂದು ನೋಡ್ಕಳಿ’ ಅಂದರು.

‘ದರ ಎಲ್ಲಾ ಮಾತಾಡೀವಿ ಅಮ್ಮ, ಇನ್ನೂ ಸ್ವಲ್ಪ ಇಳಿಸ್ತಾರಂತೆ’ ಅಂದೆ.

ಅಜ್ಜಿ ನಕ್ಕಿದ್ದು ಜಗಲಿಯವರೆಗೂ ಕೇಳಿಸಿತು. ‘ದುಡ್ಡಿನ ದರ ಅಲ್ಲ. ಹಿತ್ಲಿನ ದರೆ! ಬನ್ನಿ ಇಲ್ಲಿ’ ಅಂತ ಮನೆ ಹಿಂದಕ್ಕೆ ಕರೆದುಕೊಂಡು ಹೋದರು.

ಅಡುಗೆಮನೆ ಗೋಡೆಯಿಂದ ನಾಲ್ಕೇ ಅಡಿ. ಅಲ್ಲಿಂದ ನೆಟ್ಟಗೆ ಇಪ್ಪತ್ತು ಅಡಿ ಎತ್ತರಕ್ಕೆ ಕೆಂಪು ಮಣ್ಣು ಎದ್ದು ನಿಂತಿತ್ತು. ಗುಡ್ಡವನ್ನು ಕಡಿದು ಮನೆಗೆ ಸಮತಟ್ಟು ಮಾಡಿದಾಗ ಹಿಂದೆ ಉಳಿಯುತ್ತಲ್ಲ, ಆ ಮಣ್ಣಿನ ಗೋಡೆ. ಅದೇ ದರೆ. ಮೇಲೆ ಜಂಬಿಟ್ಟಿಗೆ, ಗಟ್ಟಿ. ಎದೆಮಟ್ಟಕ್ಕೆ ಬಂದರೆ ಬಿಳಿಚಿಕೊಂಡ ಶೇಡಿ ಮಣ್ಣು. ಉಗುರಲ್ಲಿ ಕೆರೆದರೆ ರಂಗೋಲಿ ಪುಡಿಯ ಹಾಗೆ ಉದುರಿತು. ಬೇಸಿಗೆಯಲ್ಲಿ ಇದು ಕಲ್ಲಿನಂತೆ ನಿಂತಿರುತ್ತದೆ, ನೆನೆದರೆ ಕರಗಿ ಜಾರುತ್ತದೆ ಅಂತ ಅಜ್ಜಿಯೇ ವಿವರಿಸಿದರು. ದರೆಯ ಬುಡದಲ್ಲಿ ಒಂದು ಕಡೆ ಪಾಚಿ ಕಟ್ಟಿ ಒಣಗಿದ ಗುರುತು. ‘ಮಳೆಗಾಲದಲ್ಲಿ ಅಲ್ಲಿ ಜಲ ಏಳ್ತದೆ’ ಅಂದರು. ಮೇಲೆ ಎರಡು ಮರ ಮನೆ ಕಡೆಗೆ ವಾಲಿದ್ದವು. ನಾನು ಬಂದಾಗಿನಿಂದ ಆ ಮರಗಳನ್ನು ನೋಡುತ್ತಲೇ ಇದ್ದೆ, ನೆರಳು ಚೆನ್ನಾಗಿದೆ ಅಂದುಕೊಂಡಿದ್ದೆ!

ಈಗ ಪದದ ವಿಷಯ. ಪೇಪರಿನವರು ಇದನ್ನು ‘ಧರೆ ಕುಸಿತ’ ಅಂತ ಮಹಾಪ್ರಾಣ ಹಾಕಿ ಬರೆಯುತ್ತಾರೆ. ಬಯಲುಸೀಮೆಯ ನಾನು ಅದನ್ನು ಇಷ್ಟು ವರ್ಷ ‘ಭೂಮಿ ಕುಸಿತ’ ಅಂತಲೇ ಓದಿಕೊಂಡು ಬಂದೆ. ಧರೆ ಅಂದರೆ ಭೂಮಿ ಅಂತ ಶಾಲೆಯಲ್ಲಿ ಕಲಿತಿದ್ದು. ತಮಿಳಿನಲ್ಲೂ ತರೈ ಅಂದರೆ ನೆಲ. ಆದರೆ ಅದೆಲ್ಲ ಮಲಗಿರುವ ನೆಲ. ಮಲೆನಾಡಿನದು ಎದ್ದು ನಿಂತ ನೆಲ. ಒಂದೇ ಪದ ಎರಡಕ್ಕೂ ಬಂತು ಅಂದರೆ ನನಗೆ ಯಾಕೋ ಒಪ್ಪಿಗೆ ಆಗುತ್ತಿಲ್ಲ.

ನನ್ನ ಅನುಮಾನ ಬೇರೆ ಕಡೆ ಇದೆ. ಸಂಸ್ಕೃತದಲ್ಲಿ ಸೀಳು ಅನ್ನುವ ಅರ್ಥದಿಂದ ಬಂದ ‘ದರಿ’ ಇದೆ, ಕಣಿವೆ, ಗುಹೆ ಅಂತ. ಮರಾಠಿಯಲ್ಲಿ ‘ದರೀ’ ಕಣಿವೆ, ‘ದರಡ’ ಕಡಿದಾದ ದಡ. ಘಟ್ಟದಲ್ಲಿ ಗುಡ್ಡ ಜರಿದರೆ ಅವರು ‘ದರಡ’ ಬಿತ್ತು ಅಂತಲೇ ಹೇಳುತ್ತಾರೆ. ನಮ್ಮ ಅಜ್ಜಿಯ ದರೆ ಇದೇ ಮನೆತನದ್ದು ಅಂತ ನನ್ನ ಲೆಕ್ಕ. ಹಾಗಿದ್ದರೆ ಅಲ್ಪಪ್ರಾಣವೇ ಸರಿ. ಪೇಪರಿನ ಧರೆ ಅನ್ನೋದು ಮಾತಿನ ಪದಕ್ಕೆ ಪೇಟ ಸುತ್ತಿದ ಹಾಗೆ. ಬಾಯಲ್ಲಿ ಎರಡೂ ಒಂದೇ ಥರ ಕೇಳುವುದರಿಂದ ಬರೆಯುವವರು ಗೊತ್ತಿರುವ ಪದಕ್ಕೆ ತಗಲುಹಾಕಿರಬೇಕು. ಕೇಳಿಸಿಕೊಂಡ ನಾನೂ ಅದನ್ನೇ ಮಾಡಿದ್ದು, ಅಲ್ವಾ? ‘ದರ’ಕ್ಕೆ ತಗಲುಹಾಕಿದೆ.

ಜಗಲಿಗೆ ವಾಪಸ್ ಬಂದು ಬೀಗರನ್ನು ಕೇಳಿದೆ, ಈ ದರೆ ಕಾಗದದಲ್ಲಿ ಎಲ್ಲಿದೆ ಅಂತ. ಎಲ್ಲೂ ಇಲ್ಲ! ಕ್ರಯಪತ್ರದ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಗಡಿ ಬರೆಯುವ ಕಡೆ, ‘ಪಶ್ಚಿಮಕ್ಕೆ: ಗುಡ್ಡ’ ಅಂತ ಒಂದು ಮಾತು. ಅಷ್ಟೇ. ನಕ್ಷೆಯಲ್ಲಿ ಅದು ಒಂದು ಗೆರೆ. ಸೆಟ್‌ಬ್ಯಾಕ್‌ಗೆ ಗಾರೆಯವರು ‘ಜಾಗ ಬಿಡೋದು’ ಅಂತಾರಲ್ಲ, ಆ ಲೆಕ್ಕದಲ್ಲಿ ನಾಲ್ಕು ಅಡಿ ಬಿಟ್ಟಿದ್ದಾರೆ. ಗೆರೆಯಿಂದ ಬಿಟ್ಟಿದ್ದಾರೆ. ಗೆರೆ ಎಷ್ಟು ಎತ್ತರ ಇದೆ ಅಂತ ನಕ್ಷೆಗೆ ಗೊತ್ತಿಲ್ಲ.

ಕಾಗದದ ಪದಗಳಲ್ಲೂ ನಾನು ಜಾರಿದ್ದು ಕಮ್ಮಿ ಏನಲ್ಲ. ಪಹಣಿಯಲ್ಲಿ ‘ಫೂಟ್ ಖರಾಬು’ ಅಂತ ಇತ್ತು. ಅಡಿ ಲೆಕ್ಕದ ಫೂಟು ಅಂದುಕೊಂಡೆ. ಬೀಗರು ತಲೆ ಚಚ್ಚಿಕೊಂಡರು. ಅದು ಮರಾಠಿಯ ‘ಪೋಟ್ ಖರಾಬ್’. ಪೋಟ್ ಅಂದರೆ ಹೊಟ್ಟೆ. ಸರ್ವೆ ನಂಬರಿನ ಹೊಟ್ಟೆಯೊಳಗೇ ಇರುವ, ಸಾಗುವಳಿಗೆ ಬಾರದ ಜಾಗ. ಪಹಣಿ ಪದವೂ ಮರಾಠಿಯದೇ, ನೋಡುವುದು ಅನ್ನುವ ಅರ್ಥದ್ದು. ಈ ಖರಾಬಿನಲ್ಲಿ ಎರಡು ಬಗೆ. 1966ರ ಭೂ ಕಂದಾಯ ನಿಯಮಗಳಲ್ಲಿ ಇದೆ. ‘ಅ’ ಖರಾಬು ಅಂದರೆ ಬೇಸಾಯಕ್ಕೆ ಆಗದ ಕಲ್ಲು ನೆಲ, ಕಣ, ಇಂಥದ್ದು. ‘ಬ’ ಖರಾಬು ಅಂದರೆ ದಾರಿ, ಹಳ್ಳ, ಸ್ಮಶಾನ, ಹೀಗೆ ಊರಿಗೆ ಸೇರಿದ್ದು. ಪಹಣಿಯ ಒಟ್ಟು ವಿಸ್ತೀರ್ಣದಲ್ಲಿ ಅದೂ ಸೇರಿರುತ್ತದೆ, ಆದರೆ ಮಾರುವವರದ್ದಲ್ಲ. ನಮಗೆ ತೋರಿಸಿದ್ದ ಬಾವಿ ಪಕ್ಕದ ಚೆಂದದ ಹುಲ್ಲಿನ ಪಟ್ಟಿ ‘ಬ’ ಖರಾಬಿನ ಹಳ್ಳ. ಇದನ್ನು ಪಟ್ಟಣದ ‘ಬಿ ಖಾತೆ’ ಜೊತೆ ಕಲಸಬೇಡಿ. ಅದು ಬೇರೆ ಕಥೆ.

‘ಅಲಿನೇಷನ್’ ಅನ್ನೋದೂ ಮಜಾ ಪದ. ಇಂಗ್ಲಿಷಿನಲ್ಲಿ ಅದಕ್ಕೆ ಪರಭಾರೆ, ಅಂದರೆ ಆಸ್ತಿಯನ್ನು ಬೇರೆಯವರಿಗೆ ವರ್ಗಾಯಿಸುವುದು ಅಂತ ಅರ್ಥ. ನಮ್ಮಲ್ಲಿ ‘ಅಲಿನೇಷನ್ ಆಗಿದೆಯಾ’ ಅಂದರೆ ಕೃಷಿ ಜಮೀನು ಮನೆ ಕಟ್ಟಲು ಪರಿವರ್ತನೆ ಆಗಿದೆಯಾ ಅಂತ. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಸಂಗತಿ.

ಇನ್ನು ‘ಬೆಟ್ಟ’. ದರೆಯ ಮೇಲಿನ ಕಾಡು ತೋರಿಸಿ ಮಾರುವವರು ‘ಬೆಟ್ಟವೂ ನಿಮಗೇ ಬರುತ್ತೆ ಸಾರ್’ ಅಂದಿದ್ದರು. ನಾನು ಹಿಗ್ಗಿದ್ದೆ. ಅದು ಸೊಪ್ಪಿನಬೆಟ್ಟ. ಇಲ್ಲಿ ಬೆಟ್ಟ ಅಂದರೆ ಎತ್ತರದ ಗುಡ್ಡ ಅಂತಲ್ಲ, ಅಡಿಕೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು. ಸೊಪ್ಪು ಕಡಿಯಬಹುದು, ತರಗು ಗುಡಿಸಬಹುದು. ನೆಲ ಸರ್ಕಾರದ್ದು. ಅಲ್ಲಿ ಮನೆ ಕಟ್ಟಲೂ ಆಗದು, ದರೆಯನ್ನು ಮೇಲಿನಿಂದ ಇಳಿಜಾರು ಮಾಡೋಣ ಅಂದರೆ ಅದಕ್ಕೂ ಕೈ ಹಾಕುವಂತಿಲ್ಲ.

ವಾಪಸ್ ಬರುವಾಗ ಬೀಗರ ಮನೆಯಲ್ಲಿ ಇಳಿದುಕೊಂಡೆವು. ಶಿವಮೊಗ್ಗದಲ್ಲೇ ಒಂದು ಮನೆ ನೋಡಬಾರದಾ ಅಂದರು. ಹೆಸರು ಕೇಳಿ ಜಾಗ ನೋಡಿ ಅಂತಲೂ ಅಂದರು. ತುಂಗೆಯ ದಂಡೆಯಲ್ಲಿ ಕುಂಬಾರಗುಂಡಿ ಅಂತ ಇದೆ. ಹೆಸರಲ್ಲೇ ಗುಂಡಿ ಇದೆಯಲ್ಲ! 2019ರ ಆಗಸ್ಟ್‌ನಲ್ಲಿ ಆ ಕಡೆಯೆಲ್ಲ ನೀರು ನುಗ್ಗಿತ್ತು. ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲಿ ಒಂದು ಕಲ್ಲಿನ ಮಂಟಪ ಇದೆ. ಊರಿನವರಿಗೆ ಅದೇ ಅಳತೆಗೋಲು. ‘ಮಂಟಪ ಮುಳುಗಿತಂತೆ’ ಅಂದರೆ ಸಾಕು, ತಗ್ಗಿನ ಮನೆಯವರು ಸಾಮಾನು ಕಟ್ಟಲು ಶುರು ಮಾಡುತ್ತಾರೆ. ಅದೇ ವರ್ಷ ಅದೇ ತಿಂಗಳು ತೀರ್ಥಹಳ್ಳಿ ತಾಲ್ಲೂಕಿನ ಹೆಗಲತ್ತಿಯಲ್ಲಿ ಗುಡ್ಡ ಜಾರಿ ಗದ್ದೆ ತೋಟ ಮುಚ್ಚಿತ್ತು.

ಸಾಗರ, ಹೊಸನಗರದಲ್ಲಿ ‘ಮುಳುಗಡೆ’ ಅಂತ ಬರೀ ಒಂದು ಮಾತು ಹೇಳಿದರೆ ಯಾವ ಮುಳುಗಡೆ ಅಂತ ಯಾರೂ ಕೇಳುವುದಿಲ್ಲ. ಅದು ಶರಾವತಿಯದು, ಅಣೆಕಟ್ಟು ಕಟ್ಟಿದಾಗ ಊರುಗಳು ಹಿನ್ನೀರಿನಲ್ಲಿ ಮುಳುಗಿದ್ದು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ಮನೆ ಇನ್ನೂ ತಗೊಂಡಿಲ್ಲ. ಬಿಟ್ಟೂ ಇಲ್ಲ. ಅಜ್ಜಿ ಹೊರಡುವಾಗ ‘ಪುಷ್ಯ ಮಳೆಯಲ್ಲಿ ಒಂದು ಸಲ ಬನ್ನಿ, ಆಗ ನೋಡಿ ದುಡ್ಡು ಕೊಡಿ’ ಅಂದಿದ್ದಾರೆ. ಮಾರುವವರು ಮಾತ್ರ ಮಳೆಗೆ ಮುಂಚೆಯೇ ರಿಜಿಸ್ಟರ್ ಮುಗಿಸೋಣ ಅಂತ ದಿನಾ ಫೋನ್ ಮಾಡುತ್ತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ದರೆಯೋ ಧರೆಯೋ? ಹಳೆಯ ಕಡತದಲ್ಲಿ, ಕ್ರಯಪತ್ರದಲ್ಲಿ ಯಾರಾದರೂ ಈ ಪದವನ್ನು ಈ ಅರ್ಥದಲ್ಲಿ ಕಂಡಿದ್ದೀರಾ? ಕೊಪ್ಪ, ಶೃಂಗೇರಿ, ಸಿದ್ದಾಪುರ, ಮಡಿಕೇರಿ ಕಡೆಯವರು ಹೇಳಿ: ನಿಮ್ಮಲ್ಲಿ ಅಡುಗೆಮನೆ ಹಿಂದಿನ ಆ ಮಣ್ಣಿನ ಗೋಡೆಗೆ ಏನಂತೀರಿ?