ಓಟಿ (ಓವರ್‌ಟೈಮ್) ರಿಪೋರ್ಟ್: ಸಾಲು ಕೂಡಿದರೆ 1.98, ಕೆಳಗೆ ಒಟ್ಟು 2.00. ಬಟವಾಡೆ ಯಾವುದಕ್ಕೆ?

ಮಿಲ್ ರೈಟರ್, ದಾವಣಗೆರೆ:
ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತೇನೆ. ಒಬ್ಬ ಹುಡುಗ ವಾರದ ಆರೂ ದಿನ 20 ನಿಮಿಷ ಓಟಿ ಮಾಡಿದ್ದಾನೆ. ರಿಪೋರ್ಟ್‌ನಲ್ಲಿ ದಿನಕ್ಕೆ 0.33 ಗಂಟೆ. ಕೈಯಲ್ಲಿ ಕೂಡಿದರೆ 1.98, ಕೆಳಗಿನ ಒಟ್ಟು ಮಾತ್ರ 2.00. "ಸುಳ್ಳು ಹೇಳೋದು ಕಂಪ್ಯೂಟರೋ ನೀನೋ?" ಅನ್ನುತ್ತಾರೆ ಸಾಹುಕಾರರು. ಅನುಭವ ಇದ್ದವರು ಹೇಳಿ.

ಹರಿಹರದ ಅಕೌಂಟ್ಸ್ ಅಕ್ಕ:
ನಮ್ಮದು ಗಾರ್ಮೆಂಟ್ಸ್, 180 ಜನ. ನಿಮ್ಮದು ಕಮ್ಮಿ ಬಂತು, ನಮ್ಮದು ಉಲ್ಟಾ. ದಿನಕ್ಕೆ 40 ನಿಮಿಷ ಓಟಿ, 0.67 ಅಂತ ಕೂತಿತ್ತು. 26 ದಿನಕ್ಕೆ 17.42. ಆಗಬೇಕಾದ್ದು 17.33. ಗಂಟೆಗೆ ₹70, ಓಟಿಗೆ ಡಬಲ್ ಅಂದರೆ ₹140. ತಲೆಗೆ ₹12 ಚಿಲ್ಲರೆ, ಎಲ್ಲರದ್ದೂ ಸೇರಿ ತಿಂಗಳಿಗೆ ₹2,184 ಜಾಸ್ತಿ. ಆಡಿಟರ್ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ಕಳಿಸಿದರು. ಸಾಫ್ಟ್‌ವೇರ್ ಹುಡುಗ ₹4,500, ಮೇಲೆ ಜಿಎಸ್‌ಟಿ ₹810 ತಗೊಂಡ. ರಿಪೋರ್ಟ್ ಸರಿಯಾಯಿತು, ಪೇ ಸ್ಲಿಪ್ ಹಾಗೇ ಇತ್ತು. ಕೇಳಿದರೆ "ಅದು ಬೇರೆ ಕೆಲಸ ಮೇಡಂ" ಅಂತ ಮತ್ತೆ ₹2,500! ಈಗ ನಾನು ಇಡೋದು ಬರೀ ನಿಮಿಷ. ನಿಮಿಷವನ್ನೇ ಕೂಡುತ್ತೇನೆ, ಕೊನೆಗೆ ಒಂದೇ ಸಲ 60ರಿಂದ ಭಾಗಿಸುತ್ತೇನೆ.

ಎಣ್ಣೆ ಮಿಲ್, ಚಳ್ಳಕೆರೆ:
ಇಷ್ಟಕ್ಕೆ ₹7,810 ಸುರಿದಿರಾ ಮೇಡಂ? ನಮ್ಮಲ್ಲಿ ಕಾಲು ಗಂಟೆ ಲೆಕ್ಕ. 7 ನಿಮಿಷದವರೆಗೆ ಬಿಡು, 8 ಆದರೆ 15 ಬರಿ. ಕಾಲು 0.25, ಅರ್ಧ 0.50, ಮುಕ್ಕಾಲು 0.75. ಎಲ್ಲ ಸರಿಯಾಗಿ ಕೂರುತ್ತೆ. ಶೇಂಗಾ ಸೀಸನ್‌ನಲ್ಲಿ ಎರಡು ಪಾಳಿ ನಡೆದರೂ ಹಾಳೆ ಮೇಲೇ ತಾಳೆ ಆಗುತ್ತೆ. ಯಾವ ಹುಡುಗನೂ ಬೇಡ.

ರಾತ್ರಿ ಪಾಳಿ:
ತಾಳೆ ಆಗಿದ್ದು ನಿಮಗೆ. ನಮಗೆ? ಹಿಂದೆ ನಾನಿದ್ದ ಕಡೆಯೂ ಇದೇ ನಿಯಮ. ಮೇಸ್ತ್ರಿ ಪಂಚಿಂಗ್ ಮೆಷಿನ್ ಪಕ್ಕ ಗಡಿಯಾರ ನೋಡುತ್ತಾ ನಿಂತು, ಸರಿಯಾಗಿ 7 ನಿಮಿಷ ಆದ ಮೇಲೆ ಬಿಡುತ್ತಿದ್ದ. 26 ದಿನಕ್ಕೆ 182 ನಿಮಿಷ. ಮೂರು ಗಂಟೆಯ ಮೇಲೆ 2 ನಿಮಿಷ, ಪುಕ್ಕಟೆ. 1948ರ ಕಾರ್ಖಾನೆ ಕಾಯ್ದೆ ಕಾಲದಿಂದಲೂ ಓಟಿಗೆ ಡಬಲ್ ಕೂಲಿ. ಅದನ್ನೂ ಸೇರಿಸಿ ನೋಡಿ ಸ್ವಾಮಿ.

ದುರ್ಗದ ಎಕ್ಸೆಲ್:
ಸುಮ್ನೆ ಜಗಳ ಯಾಕೆ, ಮೂಲ ನೋಡಿ. ಕಾಣೋದು 0.33, ಒಳಗಿರೋದು 0.3333... ಒಟ್ಟು ಸಾಲು ಒಳಗಿನದ್ದನ್ನು ಕೂಡುತ್ತದೆ, ನೀವು ಕಂಡಿದ್ದನ್ನು ಕೂಡುತ್ತೀರಿ. ನನ್ನದು ಗಾಳಿಯಂತ್ರ ನಿಂತ ಹೊತ್ತಿನ ಲೆಕ್ಕ. ಎಕ್ಸೆಲ್‌ಗೆ ಒಂದು ದಿನ ಅಂದರೆ 1, ಒಂದು ಗಂಟೆ ಅಂದರೆ ಅದರ 24ನೇ ಒಂದು ಪಾಲು. ಒಟ್ಟು 24 ದಾಟಿದರೆ ದಿನ ಬಿಟ್ಟು ಮಿಕ್ಕಿದ್ದಷ್ಟೇ ತೋರಿಸುತ್ತೆ. 26 ಗಂಟೆ ನಿಂತ ಯಂತ್ರಕ್ಕೆ 2 ಗಂಟೆ ಅಂತ ಬಂತು, ಮೇಲಿನವರು ಶಹಬ್ಬಾಸ್ ಅಂದರು! ಫಾರ್ಮ್ಯಾಟ್‌ನಲ್ಲಿ ಗಂಟೆಯ ಅಕ್ಷರಕ್ಕೆ ಚೌಕ ಆವರಣ ಹಾಕಿದೆ, [h] ಅಂತ. 26 ಬಂತು, ಮೆಮೋನೂ ಬಂತು. ಇನ್ನೊಂದು ಮಾತು: ಕಂಡಷ್ಟೇ ಅಂಕಿ ಉಳಿಸೋ 'ಪ್ರಿಸಿಷನ್ ಆಸ್ ಡಿಸ್‌ಪ್ಲೇಡ್' ಅನ್ನೋ ಎಕ್ಸೆಲ್ ಸೆಟ್ಟಿಂಗ್ ಅನ್ನು ಯಾರೋ ಹೇಳಿದರು ಅಂತ ಒತ್ತಬೇಡಿ. 1.98ಕ್ಕೆ 1.98 ತಾಳೆ ಆಗುತ್ತೆ, ಆದರೆ ಒಳಗಿನ ಅಂಕಿ ಶಾಶ್ವತವಾಗಿ ಹೋಗುತ್ತೆ.

ಹರಿಹರದ ಅಕೌಂಟ್ಸ್ ಅಕ್ಕ:
ಎಕ್ಸೆಲ್ ಸರ್, 180 ಜನರ ಪಂಚಿಂಗ್ ಎಕ್ಸೆಲ್‌ನಲ್ಲಿ ಇಟ್ಟು ತೋರಿಸಿ, ಆಮೇಲೆ ಪಾಠ ಮಾಡಿ. ಚಳ್ಳಕೆರೆಯವರೇ, ನಾನು ಕೊಟ್ಟಿದ್ದಕ್ಕೆ ಬಿಲ್ ಇದೆ. ನಿಮ್ಮ ಹಾಳೆ ಲೆಕ್ಕವನ್ನು ಯಾವ ಆಡಿಟರ್ ಒಪ್ಪುತ್ತಾರೆ?

ಎಣ್ಣೆ ಮಿಲ್, ಚಳ್ಳಕೆರೆ:
ನಮ್ಮ ಆಡಿಟರ್ ನಮಗಿರಲಿ. ರಾತ್ರಿ ಪಾಳಿಯವರೇ, 7 ನಿಮಿಷಕ್ಕೆ ಇಷ್ಟು ಕೂಗಾಡುತ್ತೀರಲ್ಲ, ಟೀ ಅಂತ ಗೇಟ್ ದಾಟಿ ಮಂಡಕ್ಕಿ ಮೆಣಸಿನಕಾಯಿ ತಿಂದು ಅರ್ಧ ಗಂಟೆಗೆ ಬರೋದು ಯಾವ ಕಾಯ್ದೆ?

ಮಿಲ್ ರೈಟರ್, ದಾವಣಗೆರೆ:
ಹುಡುಗನಿಗೆ 2.00 ಬರೆದೆ. ಸಾಹುಕಾರರು ಈಗ ಹಳೇ ವಾರಗಳದ್ದೂ ತೆಗಿ ಅಂತಿದ್ದಾರೆ. ರಿಪೋರ್ಟ್ ನಿಮಿಷದಲ್ಲಿ ತೆಗೆಯೋದು ಹೇಗೆ ಅಕ್ಕಾ?

ರಾತ್ರಿ ಪಾಳಿ:
ಟೀ ಹೊತ್ತನ್ನು ನೀವು ಮೊದಲೇ ಕಳೆದಿರುತ್ತೀರಲ್ಲ. ಒಂದೇ ಟೀಗೆ ಎರಡು ಸಲ ಕಡಿತನಾ?